ಆಗುಂಬೆ ಘಾಟಿಯಲ್ಲಿ ನಿಲ್ಲುತ್ತಿದ್ದ ಅಂಬಾಸಿಡರ್: ಒಂದು ಪ್ರಕರಣ ಅಧ್ಯಯನ

ಕಾರು 1972ರ ಅಂಬಾಸಿಡರ್ ಮಾರ್ಕ್ 2. ಯಜಮಾನರು ತೀರ್ಥಹಳ್ಳಿಯ ನಿವೃತ್ತ ಮುಖ್ಯೋಪಾಧ್ಯಾಯರು, ಏಳನೆಯ ತರಗತಿಯಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ಅವರ ತಂದೆ ಹೊಸದಾಗಿ ಕೊಂಡ ಗಾಡಿ ಅದು. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ವಿನ್ಯಾಸದ 1489 ಸಿಸಿ ಪೆಟ್ರೋಲ್ ಎಂಜಿನ್ ಇವತ್ತಿಗೂ ಅದೇ ಇದೆ. 2021ರ ಕೇಂದ್ರ ಸರ್ಕಾರದ ನಿಯಮದಂತೆ 50 ವರ್ಷ ದಾಟಿದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೇಷ್ಟ್ರು ನೋಂದಾಯಿಸಿಲ್ಲ. ನೋಂದಾಯಿಸಿದರೆ ದಿನಬಳಕೆಗೆ ರಸ್ತೆಗೆ ಇಳಿಸುವಂತಿಲ್ಲ. ಅವರಿಗೆ ಅದು ಮಣಿಪಾಲದಲ್ಲಿರುವ ಮಗಳ ಮನೆಗೆ ಹೋಗಿಬರುವ ಕಾರು.

2025ರ ಮಾರ್ಚ್ ಮೊದಲ ವಾರ ಅದನ್ನು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿ ಅವರು ಹೇಳಿದ್ದು ಇಷ್ಟೇ: “ಬಿಸಿಯಾದರೆ ನಿಂತುಬಿಡುತ್ತದಪ್ಪ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಒಂಬತ್ತು ತಿಂಗಳಾಯಿತು. ಮೂರು ಕಡೆ ತೋರಿಸಿದೆ, 18,000 ರೂಪಾಯಿ ಹೋಯಿತು. ಮಾರಿಬಿಡಲೇ ಎಂದು ಒಂದೊಂದು ಸಲ ಅನ್ನಿಸುತ್ತದೆ.”

ಹಳೆಯ ಕಾರುಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ದೂರು ಇನ್ನೊಂದಿಲ್ಲ, ಇದಕ್ಕಿಂತ ಹೆಚ್ಚು ದುಡ್ಡು ತಿನ್ನುವ ದೂರೂ ಇಲ್ಲ. ಗಾಡಿ ಗ್ಯಾರೇಜಿಗೆ ಬರುವ ಹೊತ್ತಿಗೆ ತಣ್ಣಗಾಗಿ, ಚೆನ್ನಾಗಿಯೇ ಓಡುತ್ತಿರುತ್ತದೆ. ಚೆನ್ನಾಗಿ ಓಡುತ್ತಿರುವ ಎಂಜಿನ್‌ನಲ್ಲಿ ರೋಗ ಹುಡುಕುವುದು ಹೇಗೆ? ಆಗ ಮೆಕ್ಯಾನಿಕ್ ತನಗೆ ಯಾವುದರ ಮೇಲೆ ಅನುಮಾನ ಹೆಚ್ಚೋ ಆ ಭಾಗವನ್ನು ಬದಲಾಯಿಸಿ ಕಳುಹಿಸುತ್ತಾನೆ. ನಾನೂ ಎಷ್ಟೋ ವರ್ಷ ಹಾಗೆಯೇ ಮಾಡಿದ್ದೇನೆ. ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕೆನ್ನಿಸಿದ್ದು ಅದಕ್ಕೇ. “ಬಿಸಿಯಾದರೆ ನಿಲ್ಲುತ್ತದೆ” ಎಂಬ ಒಂದೇ ವಾಕ್ಯದ ಹಿಂದೆ ಇಲ್ಲಿ ಮೂರು ಬೇರೆ ಬೇರೆ ರೋಗಗಳಿದ್ದವು. ಅವುಗಳಲ್ಲಿ ಎರಡು, ರಿಪೇರಿಯಿಂದಲೇ ಹುಟ್ಟಿದವು.

ಮೇಷ್ಟ್ರ ನೋಟುಪುಸ್ತಕ

ನನ್ನ ಅದೃಷ್ಟಕ್ಕೆ ಮೇಷ್ಟ್ರಿಗೆ ಬರೆದಿಡುವ ಅಭ್ಯಾಸವಿತ್ತು. ಡ್ಯಾಶ್‌ಬೋರ್ಡಿನ ಕೆಳಗಿನ ಗೂಡಿನಲ್ಲಿ 200 ಪುಟದ ಗೆರೆಪುಸ್ತಕ. ಮುಂದಿನಿಂದ ಪ್ರಯಾಣದ ವಿವರ: ತಾರೀಖು, ಹೊರಟ ಸಮಯ, ಮೀಟರ್ ಓದು, ಎಲ್ಲಿ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ಹೊರಟಿತು. ಹಿಂದಿನಿಂದ ಖರ್ಚಿನ ಲೆಕ್ಕ. ಮೂರು ಗ್ಯಾರೇಜಿನವರಲ್ಲಿ ಯಾರೂ ಅದನ್ನು ಕೇಳಿರಲಿಲ್ಲವಂತೆ, ಇವರೂ ತೋರಿಸಿರಲಿಲ್ಲ.

ಆ ದಿನ ಕಾರಿಗೆ ಸ್ಪಾನರ್ ಮುಟ್ಟಿಸಲಿಲ್ಲ. ಮುಂದಿನ ಪುಟಗಳನ್ನೂ ಹಿಂದಿನ ಪುಟಗಳನ್ನೂ ಎದುರುಬದುರು ಇಟ್ಟುಕೊಂಡು ಒಂದು ಹಾಳೆಯಲ್ಲಿ ತಾರೀಖಿನ ಸಾಲಿಗೆ ಬರೆದೆ. ಅರ್ಧ ಗಂಟೆಯ ಕೆಲಸ. ಬರೆದು ಮುಗಿಸಿದಾಗ ಚಿತ್ರ ತಾನಾಗಿಯೇ ಮೂರು ಭಾಗವಾಯಿತು.

2024ರ ಜೂನ್‌ನಿಂದ ಆಗಸ್ಟ್‌ವರೆಗೆ ನಾಲ್ಕು ಸಲ ನಿಂತಿದೆ. ನಾಲ್ಕು ಸಲವೂ ಮೇಷ್ಟ್ರು ಬರೆದಿರುವ ಶಬ್ದ “ಗಕ್ಕನೆ”. ಸ್ವಿಚ್ ಆರಿಸಿದಂತೆ ಎಂಜಿನ್ ನಿಂತಿದೆ; ಒಂದೆರಡು ನಿಮಿಷದಲ್ಲಿ, ಒಮ್ಮೆಯಂತೂ ಕ್ಲಚ್ ಬಿಟ್ಟ ಕೂಡಲೇ, ಮತ್ತೆ ಹೊರಟಿದೆ. ಆಗಸ್ಟ್ ಕೊನೆಯಲ್ಲಿ ಮೊದಲನೆಯ ಗ್ಯಾರೇಜಿನಲ್ಲಿ ಇಗ್ನಿಷನ್ ಕಾಯಿಲ್, ಅಂದರೆ ಬ್ಯಾಟರಿಯ ಕರೆಂಟನ್ನು ಕಿಡಿ ಹಾರಿಸುವಷ್ಟು ಹೆಚ್ಚಿನ ವೋಲ್ಟೇಜಿಗೆ ಏರಿಸುವ ಭಾಗ, ಬದಲಾಯಿತು.

ಸೆಪ್ಟೆಂಬರ್‌ನಿಂದ ವರ್ಣನೆಯೇ ಬೇರೆ. “ಮಿಸ್ಸಿಂಗ್ ಶುರುವಾಯಿತು, ಪಿಕಪ್ ಹೋಯಿತು, ಕೆಮ್ಮಿ ಕೆಮ್ಮಿ ನಿಂತಿತು.” ಮತ್ತೆ ಹೊರಡಲು 20ರಿಂದ 25 ನಿಮಿಷ. ಇಂಥದ್ದು ಒಂಬತ್ತು ಸಲ. ಒಂಬತ್ತರಲ್ಲಿ ಎಂಟು ಸಲ ಸೋಮೇಶ್ವರದಿಂದ ಆಗುಂಬೆಗೆ ಹತ್ತುವ ದಾರಿಯಲ್ಲಿ, ಆ 14 ಹೇರ್‌ಪಿನ್ ತಿರುವುಗಳ ನಡುವೆ. ನವೆಂಬರ್‌ನಲ್ಲಿ ಎರಡನೆಯ ಗ್ಯಾರೇಜು ಪೆಟ್ರೋಲ್ ಪಂಪಿಗೆ ಹೊಸ ಕಿಟ್ ಹಾಕಿ ರಬ್ಬರ್ ಕೊಳವೆಗಳನ್ನೆಲ್ಲ ಬದಲಾಯಿಸಿತು. ಏನೂ ವ್ಯತ್ಯಾಸವಾಗಲಿಲ್ಲ.

2025ರ ಜನವರಿಯಲ್ಲಿ ಮೂರನೆಯ ಗ್ಯಾರೇಜು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಬಿಚ್ಚಿ ತೊಳೆದು ಕೂರಿಸಿತು. ಆಮೇಲಿನ ಪುಟಗಳಲ್ಲಿ ಹೊಸದೊಂದು ದೂರು ಸೇರಿಕೊಂಡಿದೆ: “ಹೆಬ್ರಿಯಲ್ಲಿ ಕಾಫಿಗೆ ನಿಲ್ಲಿಸಿ ಹತ್ತು ನಿಮಿಷದ ಮೇಲೆ ಸ್ಟಾರ್ಟ್ ಮಾಡಿದರೆ ಆಗಲಿಲ್ಲ. ಪೆಟ್ರೋಲ್ ವಾಸನೆ. ಕಪ್ಪು ಹೊಗೆ ಬಿಟ್ಟು ಕಷ್ಟದಲ್ಲಿ ಹೊರಟಿತು.” ಇದು ಓಡುವಾಗ ನಿಂತದ್ದಲ್ಲ, ನಿಲ್ಲಿಸಿದ ಮೇಲೆ ಹೊರಡದ್ದು. ಇವೆರಡನ್ನೂ ಒಂದೇ ಎಂದು ಹೇಳುವವರೇ ಹೆಚ್ಚು. ಮೇಷ್ಟ್ರೂ ಒಂದೇ ಎಂದುಕೊಂಡಿದ್ದರು.

ಪುಸ್ತಕದಲ್ಲಿ ಇನ್ನೆರಡು ಸಾಲುಗಳು ನನ್ನ ಕಣ್ಣಿಗೆ ಬಿದ್ದವು. ಡಿಸೆಂಬರ್‌ನ ಒಂದು ದಿನ ಬೆಳಗಿನ ಐದಕ್ಕೆ ಮಣಿಪಾಲ ಬಿಟ್ಟು, ಆರೂವರೆಯ ಮಂಜಿನಲ್ಲಿ, ಸ್ವೆಟರ್ ಹಾಕಿಕೊಂಡು ಓಡಿಸುತ್ತಿದ್ದಾಗಲೂ ಘಾಟಿಯಲ್ಲಿ ನಿಂತಿದೆ. ಆದರೆ ಫೆಬ್ರುವರಿಯ ಉರಿಬಿಸಿಲಿನ ಮಧ್ಯಾಹ್ನ ಶಿವಮೊಗ್ಗಕ್ಕೆ ಹೋಗಿಬಂದಾಗ ನಿಂತಿಲ್ಲ. ಅಂದರೆ ಹೊರಗಿನ ಬಿಸಿಗೂ ಇದಕ್ಕೂ ಸಂಬಂಧ ಕಡಿಮೆ. ಬಿಸಿಯಾಗುತ್ತಿರುವುದು ಬಾನೆಟ್ಟಿನ ಒಳಗಿನ ಯಾವುದೋ ಒಂದು ವಸ್ತು, ಅದೂ ತನ್ನದೇ ಕಾರಣದಿಂದ. ಆ ಬಿಸಿಯ ಜತೆಗೆ ಏರುದಾರಿಯ ಭಾರವೂ ಸೇರಿದಾಗ ಮಾತ್ರ ಎಂಜಿನ್ ಸೋಲುತ್ತಿದೆ.

ಎಲ್ಲರ ಅನುಮಾನ ಪೆಟ್ರೋಲಿನ ಮೇಲೆ

ಮೇಷ್ಟ್ರಿಗೆ ಸಿಕ್ಕ ಸಲಹೆಗಳೆಲ್ಲ ಒಂದೇ ಕಡೆ ಬೊಟ್ಟು ಮಾಡಿದ್ದವು: ಏರ್ ಲಾಕ್. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಬೇಗ ಆವಿಯಾಗುತ್ತದೆ, ಪಂಪಿನೊಳಗೆ ಗುಳ್ಳೆ ಕಟ್ಟಿಕೊಳ್ಳುತ್ತದೆ, ಒದ್ದೆ ಬಟ್ಟೆ ಸುತ್ತಿ. ಅವರು ಡಿಕ್ಕಿಯಲ್ಲಿ ಒಂದು ಬಕೆಟ್, ಒಂದು ಹಳೆಯ ಪಂಚೆ, ಎರಡು ಕ್ಯಾನ್ ನೀರು ಇಟ್ಟುಕೊಂಡೇ ಓಡಾಡುತ್ತಿದ್ದರು. ನಿಂತ ಕೂಡಲೇ ಪಂಪಿಗೆ ಒದ್ದೆ ಪಂಚೆ. 20 ನಿಮಿಷಕ್ಕೆ ಕಾರು ಹೊರಡುತ್ತಿತ್ತು; ಪಂಚೆ ಕೆಲಸ ಮಾಡಿತೆಂದು ಅವರ ನಂಬಿಕೆ.

ಈ ಅನುಮಾನವನ್ನು ನಾನು ಹಗುರವಾಗಿ ತಳ್ಳಿಹಾಕಲಿಲ್ಲ. ಪೆಟ್ರೋಲು ನೀರಿನಂತೆ ಒಂದೇ ಉಷ್ಣತೆಯಲ್ಲಿ ಕುದಿಯುವ ದ್ರವವಲ್ಲ. ಅದರ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಲು ತೊಡಗುತ್ತವೆ, ಭಾರದ ಅಂಶಗಳಿಗೆ 200 ಡಿಗ್ರಿ ಬೇಕು. ಎಥನಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಪೆಟ್ರೋಲಿನೊಂದಿಗೆ ಬೆರೆತಾಗ ಮಿಶ್ರಣದ ಒಂದು ಪಾಲು ಇನ್ನೂ ಕಡಿಮೆ ಬಿಸಿಗೇ ಆವಿಯಾಗುತ್ತದೆ. 2023ರಿಂದ ನಮ್ಮ ಬಂಕುಗಳಿಗೆ 20 ಶೇಕಡಾ ಎಥನಾಲಿನ ಪೆಟ್ರೋಲು ಬರತೊಡಗಿತು. ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡುತ್ತದೆ ಎಂಬುದನ್ನು ನನ್ನ ಗ್ಯಾರೇಜಿನಲ್ಲೇ ಕೈಯಾರೆ ಕಂಡಿದ್ದೇನೆ. ಅಂಬಾಸಿಡರ್ ಎಂಜಿನ್‌ನಲ್ಲಿ ಪೆಟ್ರೋಲ್ ಒಳಬರುವ ಮ್ಯಾನಿಫೋಲ್ಡು, ಹೊಗೆ ಹೊರಹೋಗುವ ಮ್ಯಾನಿಫೋಲ್ಡು ಎರಡೂ ಒಂದೇ ಬದಿಗೆ ಇವೆ. ಕೆಂಡದಂಥ ಕಬ್ಬಿಣದ ಪಕ್ಕದಲ್ಲೇ ಕಾರ್ಬುರೇಟರ್ ಕೂತಿರುತ್ತದೆ. ಆದ್ದರಿಂದ ಎಥನಾಲನ್ನು ನಾನು ನಿರಪರಾಧಿ ಎನ್ನುವುದಿಲ್ಲ.

ಆದರೆ ಪುಸ್ತಕ ಬೇರೆ ಮಾತು ಹೇಳುತ್ತಿತ್ತು. ಎರಡು ಸಲ ನೀರು ತರಲು ಮರೆತು ಮೇಷ್ಟ್ರು ಸುಮ್ಮನೆ ಕಾದಿದ್ದಾರೆ. ಒಮ್ಮೆ 22 ನಿಮಿಷ, ಇನ್ನೊಮ್ಮೆ 25. ಪಂಚೆ ಸುತ್ತಿದ ದಿನಗಳಲ್ಲೂ ಅಷ್ಟೇ. ಪಂಪು ತಣಿದರೂ ತಣಿಯದಿದ್ದರೂ ಸಮಯ ಒಂದೇ ಎಂದಾದರೆ ರೋಗ ಪಂಪಿನಲ್ಲಿ ಇಲ್ಲ. ಇನ್ನೂ ಒಂದು ಸಾಲು: ಒಂದು ದಿನ ಮಾತ್ರ 50 ನಿಮಿಷ ಕಾಯಬೇಕಾಗಿ ಬಂದಿದೆ, ಕಾರಣ ಗೊತ್ತಾಗಲಿಲ್ಲ ಎಂದು ಬರೆದಿದ್ದಾರೆ. ಆ ದಿನ ಬೇರೆ ಏನು ಮಾಡಿದಿರಿ ಎಂದು ಕೇಳಿದೆ. ತುಂಬ ಹೊತ್ತು ಯೋಚಿಸಿ, “ಬ್ಲಿಂಕರ್ ಹಾಕಿ ನಿಲ್ಲಿಸಿದ್ದೆ, ಮಂಜಿತ್ತಲ್ಲ. ಕೀ ತೆಗೆದಿರಲಿಲ್ಲ” ಎಂದರು.

ಕೀ ಆನ್ ಇದ್ದರೆ ಪೆಟ್ರೋಲ್ ಪಂಪಿಗೆ ಏನೂ ಆಗುವುದಿಲ್ಲ. ಈ ಕಾರಿನದು ಎಂಜಿನ್ ತಿರುಗಿದರೆ ಮಾತ್ರ ನಡೆಯುವ ಪಂಪು. ಆದರೆ ಪಾಯಿಂಟ್, ಅಂದರೆ ಕಾಯಿಲ್‌ನ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚು, ಮುಚ್ಚಿಕೊಂಡಿದ್ದಾಗ ಎಂಜಿನ್ ನಿಂತಿದ್ದರೆ ಕಾಯಿಲ್‌ಗೆ ಕರೆಂಟ್ ಹರಿಯುತ್ತಲೇ ಇರುತ್ತದೆ. ಆ ಕಾಯಿಲ್ ತಣಿಯುವುದು ಹೇಗೆ? ನನ್ನ ಅನುಮಾನ ಅಲ್ಲಿ ನೆಟ್ಟಿತು. ಆದರೂ ಅದು ಅನುಮಾನವಷ್ಟೇ. ಇದೇ ಅನುಮಾನದ ಮೇಲೆಯೇ ಮೊದಲನೆಯವರೂ ಕಾಯಿಲ್ ಬದಲಾಯಿಸಿದ್ದು. ಆರು ತಿಂಗಳ ಹಿಂದೆ ಹಾಕಿದ ಹೊಸ ಕಾಯಿಲ್ ಅದು.

ಉಳಿದ ಸಾಮಾನ್ಯ ಕಾರಣಗಳನ್ನು ಮರುದಿನ ಬೆಳಗ್ಗೆ ಬೇಗ ಬೇಗ ನೋಡಿ ಮುಗಿಸಿದೆ. ಟ್ಯಾಪೆಟ್ ಗ್ಯಾಪ್ ಸರಿಯಿತ್ತು, ಕಂಪ್ರೆಷನ್ ನಾಲ್ಕೂ ಸಿಲಿಂಡರುಗಳಲ್ಲಿ ಸಮವಾಗಿತ್ತು. ಪೆಟ್ರೋಲ್ ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದ್ದರೂ ಕಾರು ಹೀಗೆಯೇ ಓಡಿ ಓಡಿ ನಿಲ್ಲುತ್ತದೆ; ಮುಚ್ಚಳ ತೆರೆದಾಗ ಸುಯ್ ಎಂದು ಗಾಳಿ ಎಳೆದುಕೊಳ್ಳುವುದೇ ಅದರ ಗುರುತು. ಇಲ್ಲಿ ಅದೂ ಇರಲಿಲ್ಲ.

ಘಾಟಿಯಲ್ಲಿ ಆರು ನಿಮಿಷ

ಹೊರಡುವ ಮೊದಲು, ಎಂಜಿನ್ ತಣ್ಣಗಿದ್ದಾಗಲೇ, ಒಂದು ಅಳತೆ ಬರೆದುಕೊಂಡೆ. ಕಾಯಿಲ್‌ನಿಂದ, ಕಿಡಿಯನ್ನು ನಾಲ್ಕು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳದ ನಡುವಿಗೆ ಬರುವ ದಪ್ಪ ವಯರನ್ನು ಕಿತ್ತು, ತುದಿಯನ್ನು ಒಣ ಬಿದಿರಿನ ಚಿಮಟದಲ್ಲಿ ಹಿಡಿದು, ಎಂಜಿನ್ ಬ್ಲಾಕಿನ ಲೋಹಕ್ಕೆ ಹತ್ತಿರ ತಂದು, ನನ್ನ ತಮ್ಮನ ಮಗನಿಗೆ ಸೆಲ್ಫ್ ಹೊಡೆಯಲು ಹೇಳಿದೆ. ಒಂಬತ್ತು ಮಿಲಿಮೀಟರ್ ದೂರಕ್ಕೆ ಕಿಡಿ ಹಾರಿತು. ನೀಲಿ ಬಣ್ಣ, ಪಟ್ ಪಟ್ ಎಂಬ ಗಟ್ಟಿ ಸದ್ದು. ಆರೋಗ್ಯವಂತ ಕಿಡಿ. ಆ ವಯರಿನ ತುದಿಯನ್ನು ಎಲ್ಲಿಗೂ ತಾಗಿಸದೆ ಗಾಳಿಯಲ್ಲಿ ಬಿಟ್ಟು ಮಾತ್ರ ಎಂಜಿನ್ ತಿರುಗಿಸಬಾರದು. ಹೊರಗೆ ಹಾರಲಾಗದ ವಿದ್ಯುತ್ತು ಕಾಯಿಲ್‌ನ ಒಳಗೇ ದಾರಿ ಮಾಡಿಕೊಳ್ಳುತ್ತದೆ.

ಡಿಕ್ಕಿಯಲ್ಲಿ ನನ್ನ ಸಾಮಾನು: ಮಲ್ಟಿಮೀಟರ್, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ನನ್ನ ಗ್ಯಾರೇಜಿನ ಇನ್ನೊಂದು ಅಂಬಾಸಿಡರ್‌ನಿಂದ ಬಿಚ್ಚಿದ ಒಳ್ಳೆಯ ಹಳೆಯ ಕಾಯಿಲ್, ಪಾಯಿಂಟ್ ಸುಡದಂತೆ ಕಾಯುವ ಒಂದು ಕಂಡೆನ್ಸರ್, ಬೆಂಕಿ ನಂದಿಸುವ ಸಿಲಿಂಡರ್, ಚಕ್ರಕ್ಕೆ ಕೊಡಲು ಎರಡು ಮರದ ತುಂಡು. ಮೇಷ್ಟ್ರೇ ಓಡಿಸಿದರು. ಮಣಿಪಾಲದವರೆಗೆ ಹೋಗಿ, ಊಟ ಮುಗಿಸಿ, ಮಧ್ಯಾಹ್ನ ಎರಡಕ್ಕೆ ವಾಪಸು ಹೊರಟೆವು.

ಸೋಮೇಶ್ವರ ದಾಟಿ ಏರು ಶುರುವಾದ ಮೇಲೆ ನಾನು ಕಿವಿಯನ್ನಷ್ಟೇ ಕೆಲಸಕ್ಕೆ ಹಚ್ಚಿದ್ದೆ. ಐದನೆಯ ತಿರುವಿನಲ್ಲಿ ಎರಡನೆಯ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದಾಗ ಒಂದು ಸಿಲಿಂಡರ್ ತಪ್ಪಿತು. ಆಮೇಲೆ ಇನ್ನೊಂದು. ಕಾಲು ತೆಗೆದರೆ ಸರಿಯಾಗುತ್ತಿತ್ತು, ಒತ್ತಿದರೆ ತಪ್ಪುತ್ತಿತ್ತು. ಏಳನೆಯ ತಿರುವಿನ ಮೇಲೆ, ರಸ್ತೆ ಸ್ವಲ್ಪ ಅಗಲವಿರುವಲ್ಲಿ, ಪುಸ್ತಕದಲ್ಲಿ ಬರೆದಿದ್ದಂತೆಯೇ ಕೆಮ್ಮಿ ಕೆಮ್ಮಿ ನಿಂತಿತು. ಮೇಷ್ಟ್ರು ಬೇಸರದಿಂದ ಸ್ಟೀರಿಂಗ್ ಮೇಲೆ ಕೈ ಇಟ್ಟು ಕೂತರು. ನನಗಂತೂ ಆ ಗಳಿಗೆಯಲ್ಲಿ ಆದ ಸಂತೋಷ ಅಷ್ಟಿಷ್ಟಲ್ಲ. ಒಂಬತ್ತು ತಿಂಗಳಿಂದ ಯಾರ ಕೈಗೂ ಸಿಗದ ರೋಗ ಈಗ ಕಣ್ಣೆದುರು ಇತ್ತು. ಆದರೆ ಸಮಯ ಇರುವುದು ಕೆಲವೇ ನಿಮಿಷ. ತಣಿದರೆ ಮತ್ತೆ ಮಾಯ.

ಚಕ್ರಕ್ಕೆ ಮರದ ತುಂಡು ಕೊಟ್ಟು ಬಾನೆಟ್ ಎತ್ತಿದೆ. ಮೊದಲು ಕಿಡಿ, ಆಮೇಲೆ ಪೆಟ್ರೋಲ್; ಈ ಕ್ರಮ ತಪ್ಪಬಾರದು. ಪೆಟ್ರೋಲಿನ ಆವಿ ಹೊರಬಂದ ಮೇಲೆ ಅಲ್ಲಿ ಕಿಡಿ ಹಾರಿಸುವುದು ಪ್ರಾಣಕ್ಕೆ ಅಪಾಯ. ಬಿದಿರಿನ ಚಿಮಟ, ದಪ್ಪ ವಯರು, ಸೆಲ್ಫ್. ಒಂಬತ್ತು ಮಿಲಿಮೀಟರಿಗೆ ಏನೂ ಇಲ್ಲ. ಆರಕ್ಕೂ ಇಲ್ಲ. ಮೂರಕ್ಕೆ ತಂದಾಗ ಕಿತ್ತಳೆ ಬಣ್ಣದ ಒಂದು ಎಳೆ ಹಾರಿತು, ಸದ್ದೇ ಇಲ್ಲದೆ, ಅದೂ ಎರಡು ಸಲಕ್ಕೆ ಒಂದು ಸಲ.

ಥರ್ಮಾಮೀಟರ್ ಹಿಡಿದೆ. ರೇಡಿಯೇಟರ್‌ನ ಮೇಲ್ಭಾಗ 84 ಡಿಗ್ರಿ, ಅಂದರೆ ಎಂಜಿನ್ ಓವರ್‌ಹೀಟ್ ಆಗಿಲ್ಲ. ಪೆಟ್ರೋಲ್ ಪಂಪು 54. ಕಾರ್ಬುರೇಟರ್ 57. ಕಾಯಿಲ್‌ನ ಮೈ 96.

ಆಮೇಲೆ ಕಾರ್ಬುರೇಟರ್ ಬಾಯಿ ತೆರೆದು ಥ್ರಾಟಲ್ ಎಳೆದೆ. ಪೆಟ್ರೋಲ್ ಸರಿಯಾಗಿ ಚಿಮ್ಮಿತು. ಎಂಜಿನ್ ನಿಂತ ಗಳಿಗೆಯಲ್ಲಿ ಕಾರ್ಬುರೇಟರ್ ಖಾಲಿಯಾಗಿರಲಿಲ್ಲ. ಪೆಟ್ರೋಲಿನ ವಿಚಾರಣೆ ಅಲ್ಲಿಗೆ ಮುಗಿಯಿತು. ಬಾಯಿ ಮುಚ್ಚಿ, ಆವಿ ಚದುರಲೆಂದು ಸ್ವಲ್ಪ ತಡೆದು, ನನ್ನ ತಣ್ಣನೆಯ ಕಾಯಿಲ್‌ಗೆ ಮೂರೂ ವಯರುಗಳನ್ನು ಬದಲಾಯಿಸಿ ಕೊಟ್ಟು, ಅದನ್ನು ಬಟ್ಟೆಯಲ್ಲಿ ಸುತ್ತಿ ಬ್ಯಾಟರಿಯ ಪಕ್ಕ ಇಟ್ಟು ಸೆಲ್ಫ್ ಹೊಡೆಸಿದೆ. ಮೊದಲ ಸುತ್ತಿಗೇ ಎಂಜಿನ್ ಹಿಡಿಯಿತು. ಮೇಷ್ಟ್ರು ಗಡಿಯಾರ ನೋಡಿದರು. ನಿಂತು ಆರು ನಿಮಿಷವಾಗಿತ್ತು.

ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು, ನಾನು ನಿಲ್ಲಿಸಲಿಲ್ಲ. ಎಂಜಿನ್ ಆರಿಸಿ, ಬಿಸಿ ಕಾಯಿಲ್‌ಗೆ ವಯರುಗಳನ್ನು ವಾಪಸು ಕೊಟ್ಟೆ. ಹೊರಡಲಿಲ್ಲ. ಮತ್ತೆ ತಣ್ಣನೆಯದಕ್ಕೆ ಕೊಟ್ಟೆ, ಹೊರಟಿತು. ಹೊಸ ಭಾಗ ಹಾಕಿ ಸರಿಯಾದದ್ದು ಅರ್ಧ ಪುರಾವೆ; ಹಳೆಯದನ್ನು ತಿರುಗಿ ಹಾಕಿದಾಗ ಕೆಟ್ಟರೆ ಮಾತ್ರ ಅದು ಪೂರ್ತಿ. ಮೇಷ್ಟ್ರಿಗೆ ಇದನ್ನು ವಿವರಿಸಬೇಕಾಗಲಿಲ್ಲ. “ತಾಳೆ ನೋಡುತ್ತಿದ್ದೀಯೆ” ಎಂದರು. ಲೆಕ್ಕ ಮುಗಿಸಿದ ಮೇಲೆ ತಾಳೆ ನೋಡುವುದನ್ನು ನನಗೆ ಕಲಿಸಿದವರೇ ಅವರು.

ಪಟ್ಟಿಯ ಕೆಳಗಿದ್ದ ಬರಹ

ಆರು ತಿಂಗಳ ಕಾಯಿಲ್ ಏಕೆ ಹೀಗಾಯಿತು? ಕೆಟ್ಟ ಮಾಲು ಎಂದು ಬೈದು ಇನ್ನೊಂದು ಕೊಂಡು ಹಾಕಿದ್ದರೆ ಮುಂದಿನ ವರ್ಷ ಇದೇ ಕಥೆ ಮತ್ತೆ ಶುರುವಾಗುತ್ತಿತ್ತೇನೋ. ಗ್ಯಾರೇಜಿಗೆ ಬಂದು ಕಾಯಿಲ್ ತಣಿದ ಮೇಲೆ ಅದರ ಎರಡು ಸಣ್ಣ ಟರ್ಮಿನಲ್‌ಗಳ ನಡುವೆ ಮೀಟರ್ ಹಿಡಿದೆ. ಮೊದಲು ಮೀಟರಿನ ಎರಡು ಕಡ್ಡಿಗಳನ್ನೇ ಒಂದಕ್ಕೊಂದು ತಾಗಿಸಿ ನೋಡಬೇಕು; ನನ್ನದರಲ್ಲಿ 0.3 ಓಮ್ (ಓಮ್ ಎಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ) ತೋರಿಸುತ್ತದೆ. ಕಾಯಿಲ್ ತೋರಿಸಿದ್ದು 1.8. ಕಳೆದರೆ 1.5 ಓಮ್. ನನ್ನ ಹಳೆಯ ಕಾಯಿಲ್ ಅಳೆದೆ: 3.1.

ಕಾಯಿಲನ್ನು ಹಿಡಿದಿದ್ದ ಕಬ್ಬಿಣದ ಪಟ್ಟಿಯನ್ನು ಸಡಿಲಿಸಿ ಎಳೆದಾಗ, ಪಟ್ಟಿಯ ಕೆಳಗೆ ಮರೆಯಾಗಿದ್ದ ಅಚ್ಚು ಕಾಣಿಸಿತು. ಪಟ್ಟಿ ಉಜ್ಜಿ ಅರ್ಧ ಅಳಿಸಿಹೋಗಿತ್ತು, ಉಳಿದದ್ದನ್ನು ಓದಬಹುದಿತ್ತು: 12 ವೋಲ್ಟ್, ಹೊರಗಿನ ರೆಸಿಸ್ಟರ್‌ನೊಂದಿಗೆ ಮಾತ್ರ ಬಳಸಿ.

ಇಡೀ ರಹಸ್ಯ ಆ ಸಾಲಿನಲ್ಲಿತ್ತು. 12 ವೋಲ್ಟಿನ ಹಳೆಯ ಕಾರುಗಳಲ್ಲಿ ಎರಡು ಬಗೆಯ ಕಾಯಿಲ್ ಬರುತ್ತವೆ. ಒಂದು ಸುಮಾರು 3 ಓಮ್‌ನದು, ನೇರವಾಗಿ ಬ್ಯಾಟರಿಯ 12 ವೋಲ್ಟ್ ತಾಳುವಂಥದ್ದು. ಇನ್ನೊಂದು ಸುಮಾರು 1.5 ಓಮ್‌ನದು, ಅದಕ್ಕೆ ದಾರಿಯಲ್ಲಿ ಕರೆಂಟನ್ನು ತಗ್ಗಿಸುವ ಬ್ಯಾಲಾಸ್ಟ್ ಎಂಬ ರೆಸಿಸ್ಟರ್ ಇರಲೇಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಕುಗ್ಗುತ್ತದಲ್ಲ, ಆಗ ಮಾತ್ರ ಆ ರೆಸಿಸ್ಟರನ್ನು ಬದಿಗಿಟ್ಟು ಕಾಯಿಲ್‌ಗೆ ನೇರ ಕರೆಂಟ್ ಕೊಡುವ ಜಾಣ ಏರ್ಪಾಡು ಅದು. ಎಂಜಿನ್ ಹಿಡಿದ ಮೇಲೆ ರೆಸಿಸ್ಟರ್ ಮತ್ತೆ ನಡುವೆ ಬರುತ್ತದೆ. ಎರಡೂ ಕಾಯಿಲ್‌ಗಳು ನೋಡಲು ಒಂದೇ ಥರ, ಒಂದೇ ಗಾತ್ರ, ಒಂದೇ ಮೂರು ಕೊಂಡಿ. ಮೇಷ್ಟ್ರ ಕಾರಿನಲ್ಲಿ ಬ್ಯಾಲಾಸ್ಟ್ ಇಲ್ಲ, ಮೊದಲಿನಿಂದಲೂ ಇರಲಿಲ್ಲ.

ಲೆಕ್ಕ ಏಳನೆಯ ತರಗತಿಯದು. 12 ವೋಲ್ಟನ್ನು 3 ಓಮ್‌ನಿಂದ ಭಾಗಿಸಿದರೆ 4 ಆಂಪಿಯರ್, 1.5ರಿಂದ ಭಾಗಿಸಿದರೆ 8. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್‌ನಲ್ಲಿ ಹುಟ್ಟುವ ಶಾಖ 48 ವಾಟ್ ಇರಬೇಕಾದ ಕಡೆ 96 ವಾಟ್. ಎಂಜಿನ್ ತಿರುಗುವಾಗ ಪಾಯಿಂಟುಗಳು ಮೂರರಲ್ಲಿ ಎರಡು ಪಾಲು ಸಮಯ ಮುಚ್ಚಿಯೇ ಇರುತ್ತವೆ. ಒಂದು ಗಂಟೆ ಓಡಿದರೆ ಕಾಯಿಲ್ ಬೇಯುತ್ತದೆ. ಅದರೊಳಗಿನ ಸಾವಿರಾರು ಸುತ್ತು ಕೂದಲೆಳೆಯ ತಂತಿಗಳ ನಡುವಿನ ತೆಳು ಅರಗಿನ ಹೊದಿಕೆ ಬಿಸಿಗೆ ಸೋತು, ಕಿಡಿಯಾಗಬೇಕಾದ ವಿದ್ಯುತ್ತು ಒಳಗೊಳಗೇ ಸೋರಿಹೋಗುತ್ತದೆ. ತಣಿದರೆ ಹೊದಿಕೆ ಮತ್ತೆ ಹಿಡಿಯುತ್ತದೆ.

ಪುಸ್ತಕದ ಒಗಟುಗಳೆಲ್ಲ ಬಿಡಿಸಿಕೊಂಡವು. ಡಿಸೆಂಬರ್‌ನ ಚಳಿಯಲ್ಲೂ ನಿಂತದ್ದೇಕೆ ಎಂದರೆ, ಕಾಯಿಲ್ ಬೇಯುತ್ತಿದ್ದದ್ದು ತನ್ನದೇ ಕರೆಂಟಿನಿಂದ. ಘಾಟಿಯಲ್ಲೇ ನಿಂತದ್ದಕ್ಕೆ ಕಾರಣ ಪ್ಲಗ್ಗಿನ ಬಾಯಲ್ಲಿದೆ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಅದೇ ಗ್ಯಾಪನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಶಿವಮೊಗ್ಗದ ದಾರಿಯಲ್ಲಿ ಅರ್ಧ ಒತ್ತಿ ಹೋಗುವಾಗ ಬಡಕಲು ಕಿಡಿಯೂ ಸಾಕಾಗುತ್ತಿತ್ತು. ಹೇರ್‌ಪಿನ್ನಿನಲ್ಲಿ ಎರಡನೆಯ ಗೇರಿನ ಭಾರಕ್ಕೆ ಸಾಕಾಗಲಿಲ್ಲ. ಘಾಟಿ ಇಳಿಯುವಾಗ ಒಮ್ಮೆಯೂ ನಿಂತಿಲ್ಲ, ಭಾರವೇ ಇಲ್ಲವಲ್ಲ. ಕೀ ಆನ್ ಇದ್ದ ಆ 50 ನಿಮಿಷಕ್ಕೂ ಇದೇ ಉತ್ತರ.

ಡಿಸ್ಟ್ರಿಬ್ಯೂಟರ್ ತೆರೆದರೆ ಪಾಯಿಂಟುಗಳ ಮುಖ ನೀಲಿಗಟ್ಟಿ ಕುಳಿ ಬಿದ್ದಿತ್ತು. ಎರಡರಷ್ಟು ಕರೆಂಟನ್ನು ಆರು ತಿಂಗಳು ಹೊತ್ತ ಗುರುತು. 3 ಓಮ್‌ನ ಕಾಯಿಲ್ ಹಾಕಿದೆ, ಪಾಯಿಂಟ್ ಹೊಸದು ಹಾಕಿ 0.015 ಇಂಚಿಗೆ ಗ್ಯಾಪ್ ಇಟ್ಟೆ. ಕಂಡೆನ್ಸರ್ ಮಾತ್ರ ಹಳೆಯದನ್ನೇ ಉಳಿಸಿದೆ. ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಅಳೆದರೂ 0.2 ಮೈಕ್ರೊಫ್ಯಾರಡ್‌ನಿಂದ ಅಲ್ಲಾಡಲಿಲ್ಲ. ಈಗ ಸಿಗುವ ಹೊಸ ಕಂಡೆನ್ಸರುಗಳಲ್ಲಿ ಡಬ್ಬಿಯಿಂದ ತೆಗೆದಾಗಲೇ ಸತ್ತಿರುವುದನ್ನು ಕಂಡಿದ್ದೇನೆ. ಪರೀಕ್ಷೆಯಲ್ಲಿ ಪಾಸಾದ ಹಳೆಯದನ್ನು ನಾನು ಎಸೆಯುವುದಿಲ್ಲ.

ಮರುದಿನ ಅದೇ ದಾರಿ, ಅದೇ ಹೊತ್ತು. 14 ತಿರುವುಗಳನ್ನೂ ಹತ್ತಿ ಆಗುಂಬೆಯಲ್ಲಿ ನಿಲ್ಲಿಸಿ ನೋಡಿದರೆ ಕಾಯಿಲ್ 66 ಡಿಗ್ರಿ.

ಕಾಯಿಲ್ ಬದಲಾಗುವ ಮುಂಚಿನ ರೋಗ

ಹಾಳೆಯ ಮೊದಲ ಭಾಗ ಇನ್ನೂ ಹಾಗೇ ಇತ್ತು. ತಪ್ಪು ಕಾಯಿಲ್ ಬಂದದ್ದು ಆಗಸ್ಟ್ ಕೊನೆಗೆ. ಜೂನ್‌ನಿಂದ ಗಕ್ಕನೆ ನಿಲ್ಲುತ್ತಿದ್ದದ್ದು ಯಾವುದರಿಂದ? ಆ ಮೂಲ ರೋಗವನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಕಾಯಿಲ್‌ನ ಗಲಾಟೆಯಲ್ಲಿ ಅದು ಮರೆಯಾಗಿತ್ತಷ್ಟೆ. ಕಾರು ಕೊಡುವಾಗ ಮೇಷ್ಟ್ರಿಗೆ ಹಾಗೆಂದೇ ಹೇಳಿದ್ದೆ. ಹತ್ತು ದಿನಕ್ಕೆ ಫೋನ್ ಬಂತು: “ಗಕ್ಕನೆ ನಿಂತಿತು. ತಕ್ಷಣ ಹೊರಟಿತು.”

ಗಕ್ಕನೆ ನಿಂತು ಗಕ್ಕನೆ ಹೊರಡುವುದು ವಯರಿನ ಲಕ್ಷಣ. ಬಿಸಿಯಾಗಿ ಕೆಡುವ ಭಾಗ ಅಷ್ಟು ಬೇಗ ವಾಸಿಯಾಗುವುದಿಲ್ಲ. ಸ್ವಿಚ್ಚಿನಿಂದ ಕಾಯಿಲ್‌ವರೆಗಿನ ವಯರನ್ನು ಅಲ್ಲಾಡಿಸಿ, ಎಳೆದು ನೋಡಿದೆ. ಎಂಜಿನ್ ಏನೂ ಅಲುಗಲಿಲ್ಲ. ಉಳಿದದ್ದು ಡಿಸ್ಟ್ರಿಬ್ಯೂಟರಿನ ಒಳಗೆ ಪಾಯಿಂಟಿಗೆ ಹೋಗುವ ಎರಡು ಇಂಚಿನ ಸಣ್ಣ ವಯರು. ಪಾಯಿಂಟ್ ಕೂತಿರುವ ತಟ್ಟೆ ಸ್ಥಿರವಲ್ಲ. ಕಾರ್ಬುರೇಟರ್‌ನಿಂದ ಬರುವ ವ್ಯಾಕ್ಯೂಮ್ ಕೊಳವೆ ಎಳೆದಾಗಲೆಲ್ಲ ಅದು ಕೆಲವು ಡಿಗ್ರಿ ತಿರುಗುತ್ತದೆ, ಬಿಟ್ಟಾಗ ಮರಳುತ್ತದೆ. ಆಕ್ಸಿಲರೇಟರ್ ಒತ್ತಿ ಬಿಡುವ ಪ್ರತಿ ಸಲವೂ ಆ ವಯರು ಬಾಗುತ್ತದೆ. 50 ವರ್ಷಗಳಲ್ಲಿ ಎಷ್ಟು ಲಕ್ಷ ಸಲವೋ.

ಎಂಜಿನ್ ಬಿಸಿಯಾಗುವವರೆಗೆ ಐಡಲ್‌ನಲ್ಲಿ ಬಿಟ್ಟು, ವ್ಯಾಕ್ಯೂಮ್ ಕೊಳವೆಯನ್ನು ಕಾರ್ಬುರೇಟರ್ ಕಡೆಯಿಂದ ಕಿತ್ತು, ಅದಕ್ಕೆ ಒಂದು ಚೊಕ್ಕಟ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ ಬಾಯಿಂದ ಎಳೆದೆ. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಜೋರಾಗಿ ಎಳೆದಾಗ ಎಂಜಿನ್ ಗಕ್ಕನೆ ನಿಂತಿತು. ನನ್ನ ಬಾಯಲ್ಲಿ ನಳಿಗೆ ಇರುವಾಗಲೇ ಮೇಷ್ಟ್ರು “ಇದೇ, ಇದೇ!” ಎಂದು ಕೂಗಿದರು.

ವಯರನ್ನು ಬಿಚ್ಚಿ ಬೆರಳಲ್ಲಿ ಉಜ್ಜಿದರೆ ನಡುವೆ ಒಂದು ಕಡೆ ಹುಲ್ಲಿನ ದಂಟಿನಂತೆ ಬಾಗಿತು. ಹೊದಿಕೆ ಸೀಳಿ ನೋಡಿದೆ. ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿ, ಮೂರು ಎಳೆ ಮಾತ್ರ ಉಳಿದಿದ್ದವು. ತಣ್ಣಗಿರುವಾಗ ಗಟ್ಟಿ ಹೊದಿಕೆಯೇ ತುಂಡುಗಳನ್ನು ಒಟ್ಟಿಗೆ ಹಿಡಿದಿಡುತ್ತಿತ್ತು. ಬಿಸಿಗೆ ಮೆತ್ತಗಾದಾಗ ಬಿಟ್ಟುಕೊಡುತ್ತಿತ್ತು. ಮೀಟರಿನಲ್ಲಿ ಇಂಥದ್ದು ಸಿಗುವುದಿಲ್ಲ, ಮೂರು ಎಳೆಯಿದ್ದರೂ ಅದು ಸೊನ್ನೆಯ ಹತ್ತಿರವೇ ತೋರಿಸುತ್ತದೆ. ಸಣ್ಣ ಎಳೆಗಳ ಮೆತ್ತನೆಯ ವಯರಿನಿಂದ ಹೊಸದು ಮಾಡಿ, ಬಾಗಲು ಸ್ವಲ್ಪ ಉದ್ದ ಬಿಟ್ಟು ಹಾಕಿದೆ. ಒಂಬತ್ತು ತಿಂಗಳ ಕಥೆಗೆ ಮೂಲ ಕಾರಣ ಇಪ್ಪತ್ತು ರೂಪಾಯಿಯೂ ಬಾಳದ ಆ ವಯರು.

ಮೂರನೆಯ ದೂರು, ಕಾಫಿಗೆ ನಿಲ್ಲಿಸಿದ ಮೇಲೆ ಹೊರಡದಿರುವುದು, ಸುಲಭದ್ದು. ಎಂಜಿನ್ ಆರಿಸಿದ ಕೂಡಲೇ ಫ್ಯಾನೂ ನೀರೂ ನಿಲ್ಲುತ್ತವೆ, ಮ್ಯಾನಿಫೋಲ್ಡಿನ ಬಿಸಿಯೆಲ್ಲ ಮೇಲಕ್ಕೆ ಏರುತ್ತದೆ. ಓಡುವಾಗ 57 ಇದ್ದ ಕಾರ್ಬುರೇಟರ್ ಹತ್ತು ನಿಮಿಷದಲ್ಲಿ 71ಕ್ಕೆ ಹೋದದ್ದನ್ನು ಅಳೆದೆ. ಒಳಗಿನ ಪೆಟ್ರೋಲ್ ಕುದಿದು ಉಕ್ಕಿ ಎಂಜಿನ್ನಿಗೆ ಸುರಿಯುತ್ತದೆ. ವಾಸನೆ, ಕಪ್ಪು ಹೊಗೆ ಎರಡೂ ಅದರದ್ದೇ. ಎಥನಾಲಿನ ಪಾಲು ಇಲ್ಲಿ ನಿಜವಾಗಿಯೂ ಇದೆ. ಆದರೆ ಜನವರಿಯಿಂದಲೇ ಏಕೆ ಶುರುವಾಯಿತು? ಕಾರ್ಬುರೇಟರಿನ ಬುಡದಲ್ಲಿ ಬಿಸಿ ತಡೆಯಲು ಇರಬೇಕಾದ ಬೇಕಲೈಟಿನ ದಪ್ಪ ತುಂಡು ತೊಳೆದು ಕೂರಿಸುವಾಗ ವಾಪಸು ಬಂದಿರಲಿಲ್ಲ. ಅದರ ಜಾಗದಲ್ಲಿ ಬರೀ ಕಾಗದದ ಪ್ಯಾಕಿಂಗ್ ಇತ್ತು. ಹಳೆಯ ಸಾಮಾನಿನ ಡಬ್ಬಿಯಲ್ಲಿ ಅಂಥದ್ದೊಂದು ಸಿಕ್ಕಿತು, ಮೇಲೆ ಕೆಳಗೆ ಹೊಸ ಪ್ಯಾಕಿಂಗ್ ಕೊಟ್ಟು ಕೂರಿಸಿದೆ. ಈಗ ಹತ್ತು ನಿಮಿಷಕ್ಕೆ 62ರಲ್ಲಿ ನಿಲ್ಲುತ್ತದೆ.

ಆದರೂ ಮೇ ತಿಂಗಳ ಮಧ್ಯಾಹ್ನಗಳಲ್ಲಿ ಒಮ್ಮೊಮ್ಮೆ ಸೆಲ್ಫ್ ಎರಡು ಮೂರು ಸೆಕೆಂಡ್ ಹೆಚ್ಚು ತಿರುಗಬೇಕಾಗುತ್ತದೆ. ಆಗ ಪೆಡಲನ್ನು ಮತ್ತೆ ಮತ್ತೆ ತುಳಿಯದೆ, ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ ಎಂದು ಮೇಷ್ಟ್ರಿಗೆ ಹೇಳಿದ್ದೇನೆ; ಉಕ್ಕಿದ ಪೆಟ್ರೋಲಿಗೆ ಗಾಳಿ ಸಿಗುತ್ತದೆ. ಕಾಫಿಗೆ ನಿಲ್ಲಿಸುವಾಗ ಅವರು ಬಾನೆಟ್ ಎತ್ತಿಡುತ್ತಾರೆ. ಡಿಕ್ಕಿಯಲ್ಲಿ ಈಗ ಬಕೆಟ್ ಇಲ್ಲ. ಅದರ ಜಾಗದಲ್ಲಿ ಒಂದು ಪುಟ್ಟ ಡಬ್ಬಿಯಿದೆ: ಪಾಯಿಂಟ್, ಪರೀಕ್ಷೆ ಮಾಡಿದ ಒಂದು ಕಂಡೆನ್ಸರ್, ಎರಡು ಇಂಚಿನ ಒಂದು ವಯರು, ಮತ್ತು ಮೈಮೇಲೆ “3 ಓಮ್, ಬ್ಯಾಲಾಸ್ಟ್ ಬೇಡ” ಎಂದು ಮೇಷ್ಟ್ರೇ ದುಂಡು ಅಕ್ಷರದಲ್ಲಿ ಬರೆದು ಅಂಟಿಸಿದ ಕಾಯಿಲ್.